ಮಾವನಿಗೆ ಕುಷ್ಠರೋಗ ಅಂದಿದ್ದಾರೆ. ಗರುಡಫಲದ ಎಣ್ಣೆಯಿಂದ ನಿಜಕ್ಕೂ ವಾಸಿಯಾಗುತ್ತಾ?

ತೋಟದಮನೆ ಹುಡುಗಿ, ಸಿರ್ಸಿ:

ಎಲ್ಲರಿಗೂ ನಮಸ್ಕಾರ. ಇದನ್ನು ಇಲ್ಲಿ ಕೇಳೋದೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಕೇಳದೆ ಇರೋಕೆ ಆಗಲಿಲ್ಲ.

ನನ್ನ ಸೋದರಮಾವನಿಗೆ 54 ವರ್ಷ. ಅಡಿಕೆ ತೋಟ ಇದೆ. ಎರಡು ವರ್ಷದಿಂದ ಅವರ ಬೆನ್ನಿನ ಮೇಲೆ, ತೋಳಿನ ಮೇಲೆ ತಿಳಿ ತಾಮ್ರದ ಬಣ್ಣದ ಮಚ್ಚೆಗಳಿದ್ದವು. ತುರಿಕೆ ಇಲ್ಲ, ಉರಿ ಇಲ್ಲ. ಚಿಬ್ಬು ಇರಬೇಕು ಅಂತ ಎಲ್ಲರೂ ಸುಮ್ಮನಿದ್ದೆವು.

ಈ ಸಲ ಅಡಿಕೆ ಬೇಯಿಸುವಾಗ ಗೊತ್ತಾಯಿತು. ಮಾವ ಹಂಡೆಯ ಪಕ್ಕ ನಿಂತು ಯಾರ ಹತ್ತಿರವೋ ಮಾತಾಡುತ್ತಿದ್ದರು. ಎಡಗೈ ಹಂಡೆಯ ಅಂಚಿಗೆ ತಾಗಿತ್ತು. ಅತ್ತೆಗೆ ಚರ್ಮ ಸುಟ್ಟ ವಾಸನೆ ಬಂತು. ಓಡಿ ಬಂದು ಕೈ ಎಳೆದರೆ ಮುಂಗೈ ಬೆಂದು ಬೊಬ್ಬೆ ಎದ್ದಿದೆ. ಮಾವನಿಗೆ ಗೊತ್ತೇ ಆಗಿಲ್ಲ. ಮಾತು ನಿಲ್ಲಿಸಿ ಅತ್ತೆಯ ಮುಖ ನೋಡುತ್ತಿದ್ದರಂತೆ.

ಊರಿನ ಆಶಾ ಕಾರ್ಯಕರ್ತೆ ಬಂದು ಮಾವನ ಕಣ್ಣು ಮುಚ್ಚಿಸಿದರು. ಬಾಲ್ ಪೆನ್ನಿನ ತುದಿ ತಾಗಿಸುತ್ತಾ, 'ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸಿ' ಅಂದರು. ಒಳ್ಳೆಯ ಚರ್ಮದ ಮೇಲೆ ಮುಟ್ಟಿದಾಗ ಸರಿಯಾಗಿ ತೋರಿಸಿದರು. ಮಚ್ಚೆಯ ಮೇಲೆ ಮುಟ್ಟಿದಾಗ ಕಣ್ಣು ಮುಚ್ಚಿಕೊಂಡು ಹಾಗೇ ಕಾಯುತ್ತಾ ಕೂತಿದ್ದರು. ನಾನು ಅಲ್ಲೇ ನಿಂತಿದ್ದೆ. ಅದು ಕಣ್ಣಿಂದ ಹೋಗುತ್ತಿಲ್ಲ.

ಆಸ್ಪತ್ರೆಯಲ್ಲಿ 7 ಮಚ್ಚೆ ಎಣಿಸಿದರು. ಮೊಣಕೈ ಹತ್ತಿರ ನರ ದಪ್ಪ ಆಗಿದೆ ಅಂದರು. 12 ತಿಂಗಳು ಮಾತ್ರೆ ಅಂತ ಒಂದು ಎಲೆ (ಸ್ಟ್ರಿಪ್) ಕೊಟ್ಟು ಕಳಿಸಿದರು.

ಈಗ ಸಮಸ್ಯೆ ಇದು. ಅಪ್ಪನಿಗೆ ಗೊತ್ತಿರುವ ನಾಟಿ ವೈದ್ಯರೊಬ್ಬರು ಗರುಡಫಲ ಅನ್ನುವ ಕಾಡುಮರದ ಬೀಜದ ಎಣ್ಣೆ ಕೊಡುತ್ತಾರಂತೆ. 41 ದಿನ ಕುಡಿದು, ಮೈಗೂ ಹಚ್ಚಿಕೊಂಡರೆ ಬುಡದಿಂದ ಹೋಗುತ್ತದೆ, ಆದರೆ ಇಂಗ್ಲಿಷ್ ಮಾತ್ರೆ ಮುಟ್ಟಬಾರದು ಅಂದಿದ್ದಾರೆ. ಸುಶ್ರುತನೇ ಹೇಳಿದ ಔಷಧ, ಬಿಳಿಯರೂ ಇದನ್ನೇ ಬಳಸುತ್ತಿದ್ದರು ಅಂತ ಅಪ್ಪ ಹೇಳುತ್ತಾರೆ. ಹುಡುಕಿ ನೋಡಿದೆ. ಎರಡೂ ನಿಜ ಅಂತಲೇ ಕಾಣುತ್ತದೆ. ಅದಕ್ಕೇ ಇನ್ನೂ ಗೊಂದಲ.

ಮಾತ್ರೆಯ ಎಲೆ 5 ದಿನದಿಂದ ಗೋಡ್ರೇಜ್ ಕಪಾಟಿನಲ್ಲಿದೆ. ತೆರೆದಿಲ್ಲ. ಈ ಎಣ್ಣೆಗೆ ಏನು ಆಧಾರ ಇದೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ನಿವೃತ್ತ ಆರೋಗ್ಯ ಕಾರ್ಯಕರ್ತ, ಕೊಪ್ಪಳ:

ತಂಗಿ, ಚರ್ಚೆ ಆಮೇಲೆ ಮಾಡೋಣ. ಮೊದಲು ಆ ಎಲೆ ಕಪಾಟಿನಿಂದ ಹೊರಗೆ ಬರಲಿ. ನಾಳೆ ಬೆಳಿಗ್ಗೆ ಆಶಾ ಅವರನ್ನು ಮನೆಗೆ ಕರೆಸಿ, ಅವರ ಎದುರಿಗೇ ಮೊದಲ ಡೋಸ್ ನುಂಗಿಸಿ.

ನಾನು 31 ವರ್ಷ ಇದೇ ಕೆಲಸ ಮಾಡಿದ್ದೇನೆ. ಸೈಕಲ್ ಮೇಲೆ ಹಳ್ಳಿ ಸುತ್ತಿ, ಜನರ ಬೆನ್ನು ನೋಡಿ, ಮೊಣಕೈ ಹಿಂದಿನ ನರ ಮುಟ್ಟಿ ನೋಡುವ ಕೆಲಸ. ಹಾಗಾಗಿ ನಿಮ್ಮ ಪೋಸ್ಟಿನಲ್ಲಿ ನನ್ನನ್ನು ಹೆದರಿಸಿದ್ದು ಮಚ್ಚೆ ಅಲ್ಲ, ಆ ದಪ್ಪ ನರ. ಮಚ್ಚೆಯಿಂದ ಯಾರ ಬದುಕೂ ಹಾಳಾಗಲ್ಲ. ನರ ಹೋದರೆ ಕೈ ಹೋಗುತ್ತದೆ. ಮೊಣಕೈ ಹತ್ತಿರದ ಆ ನರ ಕಿರುಬೆರಳು, ಉಂಗುರ ಬೆರಳಿಗೆ ಹೋಗುತ್ತದೆ. ಅದು ಸತ್ತರೆ ಆ ಎರಡು ಬೆರಳು ಒಳಗೆ ಮಡಚಿಕೊಂಡು ಬಿಡುತ್ತವೆ.

ಒಂದು ಪರೀಕ್ಷೆ ಮನೆಯಲ್ಲೇ ಮಾಡಿ. ಮಾವನ ಉಂಗುರ ಬೆರಳು, ಕಿರುಬೆರಳಿನ ಮಧ್ಯೆ ಒಂದು ಕಾಗದ ಇಡಿ. ಬೆರಳು ನೇರ ಇಟ್ಟುಕೊಂಡು ಗಟ್ಟಿಯಾಗಿ ಹಿಡಿಯಲು ಹೇಳಿ ನೀವು ಎಳೆಯಿರಿ. ಬಲಗೈಗೂ ಎಡಗೈಗೂ ವ್ಯತ್ಯಾಸ ಇದೆಯಾ ನೋಡಿ. ಎಡಗೈ ಸಡಿಲ ಇದ್ದರೆ ಅದನ್ನು ಆಸ್ಪತ್ರೆಯಲ್ಲಿ ಹೇಳಲೇಬೇಕು. ನರದ ಶಕ್ತಿ ಹೋಗಿ 6 ತಿಂಗಳು ದಾಟಿರದಿದ್ದರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟು ವಾಪಸ್ ತರುವ ಅವಕಾಶ ಇರುತ್ತದೆ. ಆಮೇಲೆ ಕಷ್ಟ.

ಮಾತ್ರೆಯ ಬಗ್ಗೆ ಆಸ್ಪತ್ರೆಯವರು ಬಿಡಿಸಿ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಆ ಎಲೆಯಲ್ಲಿ ಮೂರು ಔಷಧ ಇವೆ. ರಿಫಾಂಪಿಸಿನ್ ತಿಂಗಳಿಗೊಮ್ಮೆ. ಡ್ಯಾಪ್ಸೋನ್ ದಿನಾ. ಕ್ಲೋಫಾಜಿಮಿನ್ ತಿಂಗಳಿಗೊಮ್ಮೆ ಜಾಸ್ತಿ, ದಿನಾ ಸ್ವಲ್ಪ. ಮೊದಲ ದಿನ ಮೂತ್ರ ಕೆಂಪಾಗುತ್ತದೆ. ರಕ್ತ ಅಂತ ಗಾಬರಿ ಬೀಳಬೇಡಿ, ಅದು ರಿಫಾಂಪಿಸಿನ್ ಬಣ್ಣ. ಕೆಲವು ತಿಂಗಳಲ್ಲಿ ಮೈ ಕಪ್ಪಾಗುತ್ತದೆ, ಅದು ಕ್ಲೋಫಾಜಿಮಿನ್. ಕೋರ್ಸ್ ಮುಗಿದ ಮೇಲೆ ನಿಧಾನಕ್ಕೆ ತಿಳಿಯಾಗುತ್ತದೆ. ಆದರೆ ಮೊದಲ ಒಂದೆರಡು ತಿಂಗಳಲ್ಲಿ ಜ್ವರ, ಮೈತುಂಬ ಗಂಧೆ, ಕಣ್ಣು ಹಳದಿ ಇಂಥದ್ದೇನಾದರೂ ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಡ್ಯಾಪ್ಸೋನ್ ಕೆಲವರಿಗೆ ಒಗ್ಗಲ್ಲ.

ಇನ್ನೊಂದು. ಮೊದಲ ಡೋಸ್ ತೆಗೆದುಕೊಂಡ ಕೆಲವೇ ದಿನಗಳಲ್ಲಿ ಅವರಿಂದ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ತಟ್ಟೆ ಬೇರೆ, ಹಾಸಿಗೆ ಬೇರೆ ಮಾಡಿದ್ದರೆ ಇವತ್ತೇ ನಿಲ್ಲಿಸಿ.

ರಸಾಯನ ಮೇಷ್ಟ್ರು, ಧಾರವಾಡ:

ಮೇಲಿನ ಹಿರಿಯರು ಹೇಳಿದ್ದನ್ನು ಮೊದಲು ಮಾಡಿ. ಎಣ್ಣೆಯ ಕಥೆ ನಾನು ಹೇಳುತ್ತೇನೆ. ಪಾಠ ಮಾಡುವಾಗ ನನಗೆ ತುಂಬಾ ಹಿಡಿಸುವ ವಿಷಯ ಇದು, ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಅಪ್ಪ ಹೇಳಿದ್ದು ಸುಳ್ಳಲ್ಲ. ಕಲ್ಕತ್ತಾದಲ್ಲಿದ್ದ ಫ್ರೆಡೆರಿಕ್ ಮೌಅಟ್ ಎಂಬ ಬ್ರಿಟಿಷ್ ವೈದ್ಯ ಚಾಲ್ಮೂಗ್ರ (ಗರುಡಫಲದ ಬಳಗದ ಮರ) ಎಣ್ಣೆಯನ್ನು ಕುಷ್ಠರೋಗಿಗಳಿಗೆ ಕೊಟ್ಟು ನೋಡಿ, ಗುಣ ಕಂಡಿತು ಅಂತ 1854ರಲ್ಲಿ ಬರೆದರು. ಅಲ್ಲಿಂದ ಸುಮಾರು 90 ವರ್ಷ ಇಡೀ ಜಗತ್ತು ಈ ರೋಗಕ್ಕೆ ನಂಬಿಕೊಂಡಿದ್ದ ಮದ್ದು ಇದೊಂದೇ. ಹೈಡ್ನೋಕಾರ್ಪಸ್ ಜಾತಿಯ ಮರಗಳ ಬೀಜದ ಎಣ್ಣೆ. ಬಂಗಾಳ, ಬರ್ಮಾ ಕಡೆಯದ್ದು ಒಂದು ಪ್ರಭೇದ, ನಮ್ಮ ಪಶ್ಚಿಮ ಘಟ್ಟದ ಗರುಡಫಲ ಇನ್ನೊಂದು. ಕೇರಳದಲ್ಲಿ ಮರೋಟ್ಟಿ ಅನ್ನುತ್ತಾರೆ, ತಮಿಳಿನಲ್ಲಿ ನೀರಡಿಮುತ್ತು.

ಶುರುವಿನಲ್ಲೇ ಒಂದು ಎಡವಟ್ಟು ಆಯಿತು. ಎಷ್ಟೋ ವರ್ಷ ಯುರೋಪಿನವರು ಬೇರೊಂದು ಮರವನ್ನೇ ಚಾಲ್ಮೂಗ್ರ ಅಂದುಕೊಂಡಿದ್ದರು. ಮರ ಬೇರೆ, ಎಣ್ಣೆ ಬೇರೆ. 1900ರ ಹೊತ್ತಿಗೆ ಅದು ಸರಿಹೋಯಿತು. 1904ರಿಂದ ಲಂಡನ್ನಿನ ವೆಲ್‌ಕಮ್ ಪ್ರಯೋಗಾಲಯದಲ್ಲಿ ಫ್ರೆಡೆರಿಕ್ ಪವರ್ ಈ ಎಣ್ಣೆಯಿಂದ ಚಾಲ್ಮೂಗ್ರಿಕ್ ಆಮ್ಲ, ಹೈಡ್ನೋಕಾರ್ಪಿಕ್ ಆಮ್ಲ ಬೇರ್ಪಡಿಸಿದರು. ಬೇರೆ ಎಣ್ಣೆಗಳ ಕೊಬ್ಬಿನ ಆಮ್ಲ ಉದ್ದ ಸರಪಳಿಯಂತೆ ಇರುತ್ತದೆ. ಇವುಗಳ ತುದಿಯಲ್ಲಿ ಐದು ಇಂಗಾಲದ ಒಂದು ಬಳೆ ಇದೆ. ಇಂಥದ್ದು ಸಸ್ಯಲೋಕದಲ್ಲಿ ಬಹಳ ಅಪರೂಪ.

ಆದರೆ ರೋಗಿಗೆ ಕೊಡೋದು ಹೇಗೆ? ಕುಡಿದರೆ ವಾಂತಿ. ಎಷ್ಟೋ ಜನ ವಾಸನೆಗೇ ಬಿಟ್ಟುಬಿಡುತ್ತಿದ್ದರು. ಚುಚ್ಚಿದರೆ ಎಣ್ಣೆ ಮೈಯಲ್ಲಿ ಕರಗದೆ ಚರ್ಮದ ಕೆಳಗೆ ಗಂಟು ಗಂಟಾಗಿ ನಿಲ್ಲುತ್ತಿತ್ತು, ಕೀವಾಗುತ್ತಿತ್ತು. ಇದಕ್ಕೆ ದಾರಿ ಹುಡುಕಿದವಳು ಆಲಿಸ್ ಬಾಲ್. ಹವಾಯಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಕಪ್ಪು ಜನಾಂಗದ ಹುಡುಗಿ. 1915ರ ಸುಮಾರಿಗೆ ಎಣ್ಣೆಯ ಆಮ್ಲಗಳನ್ನು ಈಥೈಲ್ ಎಸ್ಟರ್ ಎಂಬ ಬೇರೆ ರೂಪಕ್ಕೆ ಬದಲಾಯಿಸಿ, ಚುಚ್ಚಿದರೆ ಮೈ ಹೀರಿಕೊಳ್ಳುವಂತೆ ಮಾಡಿದಳು. 1916ರ ಡಿಸೆಂಬರ್ 31ರಂದು ತೀರಿಕೊಂಡಳು. ಆಗ ಅವಳಿಗೆ ಬರೀ 24. ಕಾಲೇಜಿನ ಮುಖ್ಯಸ್ಥ ಆರ್ಥರ್ ಡೀನ್ ಆ ಕೆಲಸ ಮುಂದುವರಿಸಿ ತನ್ನ ಹೆಸರಿನಲ್ಲೇ ಪ್ರಕಟಿಸಿದ. ಅವಳ ಹೆಸರು ಎತ್ತಲೇ ಇಲ್ಲ. 1922ರಲ್ಲಿ ಹ್ಯಾರಿ ಹೋಲ್‌ಮನ್ ಎಂಬ ವೈದ್ಯ, ಇದು ಬಾಲ್ ವಿಧಾನ ಅಂತ ಬರೆದಿದ್ದರಿಂದ ಆ ಹೆಸರು ಉಳಿಯಿತು. 2000ದಲ್ಲಿ ಹವಾಯಿ ವಿಶ್ವವಿದ್ಯಾಲಯದ ಅಂಗಳದ ಚಾಲ್ಮೂಗ್ರ ಮರದ ಕೆಳಗೆ ಅವಳ ನೆನಪಿನ ಫಲಕ ಹಾಕಿದ್ದಾರೆ. ತಡವಾಯಿತು. ಆದರೂ ಹಾಕಿದರಲ್ಲ, ಅಷ್ಟು ಸಮಾಧಾನ.

ಮುಂದಿನದ್ದು ರಾತ್ರಿ ಬರೆಯುತ್ತೇನೆ.

ಬೇರು ನಾರು, ತುಮಕೂರು:

ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನದೊಂದು ಪ್ರಶ್ನೆ. ಅದೇ ಹವಾಯಿಯಲ್ಲಿ ಈ ಚುಚ್ಚುಮದ್ದು ತೆಗೆದುಕೊಂಡು 1920ರ ಹೊತ್ತಿಗೆ 78 ಜನ ಕಲಿಹಿ ಆಸ್ಪತ್ರೆಯಿಂದ ಮನೆಗೆ ಹೋದರು ಅಂತ ಓದಿದ್ದೇನೆ. ಅದಕ್ಕೂ ಮುಂಚೆ ಒಂದು ಸಲ ಆ ರೋಗ ಅಂದರೆ ಮೊಲೊಕೈ ದ್ವೀಪಕ್ಕೆ ಸಾಗಿಸುತ್ತಿದ್ದರು, ವಾಪಸ್ ಬರುವ ಮಾತೇ ಇರಲಿಲ್ಲ. 78 ಜನ ಮನೆಗೆ ಹೋದದ್ದು ಆಧಾರ ಅಲ್ವಾ? ಮತ್ತೆ ಯಾಕೆ ಬಿಟ್ಟರು? ಗಿಡಮೂಲಿಕೆಯಲ್ಲಿ ಕಂಪನಿಗಳಿಗೆ ಲಾಭ ಇಲ್ಲ ಅಂತಲೇ ತಾನೆ?

ನಮ್ಮಜ್ಜಿ ಗಿಡಮೂಲಿಕೆ ಕೊಡುತ್ತಿದ್ದವರು. ಕಜ್ಜಿ, ಹುಳುಕಡ್ಡಿ ಎಷ್ಟೋ ಜನರಿಗೆ ವಾಸಿ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ದುಡ್ಡು ಮುಟ್ಟುತ್ತಿರಲಿಲ್ಲ, ವೀಳ್ಯದೆಲೆ ಅಡಿಕೆ ಅಷ್ಟೇ. ಅಂಥವರನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಮನಸ್ಸಿಗೆ ನೋವಾಗುತ್ತದೆ.

ಆಯುರ್ವೇದ ವೈದ್ಯೆ, ಉಡುಪಿ:

ಬೇರು ನಾರು ಅವರೇ, ನಿಮ್ಮ ಅಜ್ಜಿಯಂಥವರ ಬಗ್ಗೆ ನನಗೂ ಗೌರವ ಇದೆ. ನಾನು ಓದಿದ್ದೇ ಆಯುರ್ವೇದ, 18 ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಅದಕ್ಕೇ ಈ ವಿಷಯದಲ್ಲಿ ಸುಶ್ರುತನ ಹೆಸರು ಬಂದಾಗ ಸುಮ್ಮನಿರಲು ಆಗಲ್ಲ.

ಸುಶ್ರುತ ಸಂಹಿತೆಯಲ್ಲಿ ತುವರಕ (ಗರುಡಫಲದ ಸಂಸ್ಕೃತ ಹೆಸರು) ಬರುತ್ತದೆ, ನಿಜ. ಚಿಕಿತ್ಸಾಸ್ಥಾನದ 13ನೇ ಅಧ್ಯಾಯ. ಪಶ್ಚಿಮ ಸಮುದ್ರದ ನೆಲದಲ್ಲಿ ಬೆಳೆಯುವ ಮರ, ಅಲೆಯ ಗಾಳಿಗೆ ಅದರ ಚಿಗುರು ಅಲ್ಲಾಡುತ್ತಿರುತ್ತದೆ ಅಂತ ವರ್ಣನೆ. ಓದಿದಾಗೆಲ್ಲ ನಮ್ಮ ಕರಾವಳಿಯೇ ಕಣ್ಣ ಮುಂದೆ ಬರುತ್ತದೆ. ಆದರೆ ಆ ಅಧ್ಯಾಯದ ಹೆಸರೇ ಮಧುಮೇಹ ಚಿಕಿತ್ಸೆ. ಕುಷ್ಠಕ್ಕೂ ಆಗುತ್ತದೆ, ಪ್ರಮೇಹಕ್ಕೂ (ಮಧುಮೇಹದಂಥ ಮೂತ್ರದ ರೋಗಗಳು) ಆಗುತ್ತದೆ ಅಂತ ಅಲ್ಲಿದೆ.

ಕೊಡುವ ಕ್ರಮ ಕೇಳಿ. ಮಳೆಗಾಲದಲ್ಲಿ ಹಣ್ಣು ತಂದು, ತಿರುಳು ಒಣಗಿಸಿ, ಎಣ್ಣೆ ತೆಗೆದು, ನೀರಿನ ಅಂಶ ಆರುವ ತನಕ ಕಾಯಿಸಿ, ಹದಿನೈದು ದಿನ ಬೆರಣಿಯ ರಾಶಿಯಲ್ಲಿ ಹೂತಿಡಬೇಕು. ರೋಗಿಗೆ ಮೊದಲು ಶೋಧನ (ವಾಂತಿ, ಭೇದಿ ಮಾಡಿಸಿ ಮೈ ಶುದ್ಧಿ) ಮಾಡಿರಬೇಕು. ಕುಡಿದರೆ ಮೇಲಿನಿಂದಲೂ ಕೆಳಗಿನಿಂದಲೂ ಹೋಗುತ್ತದೆ, ಸಂಜೆ ತಣ್ಣನೆ ಗಂಜಿ ಕೊಡಬೇಕು. ಹೀಗೆ ಐದು ದಿನ. ಆಮೇಲೆ ಹದಿನೈದು ದಿನ ಹೆಸರುಬೇಳೆ ಕಟ್ಟು, ಅನ್ನ. ಹೀಗಿರುವಾಗ 41 ದಿನ ಮನೆಯಲ್ಲೇ ಕುಡಿಸಿ ಅನ್ನುವುದು ಎಲ್ಲಿಂದ ಬಂತು? ಆ ಗ್ರಂಥದಲ್ಲಂತೂ ಇಲ್ಲ.

ಇದಕ್ಕಿಂತ ಮುಖ್ಯವಾದ್ದು 'ಕುಷ್ಠ' ಎಂಬ ಪದ. ನಮ್ಮ ಗ್ರಂಥಗಳಲ್ಲಿ ಕುಷ್ಠ 18 ಬಗೆ. ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ. ಈಗ ನಾವು ಸೋರಿಯಾಸಿಸ್, ಹುಳುಕಡ್ಡಿ, ಕಜ್ಜಿ, ಚಿಬ್ಬು ಅನ್ನುವ ಎಷ್ಟೋ ಚರ್ಮರೋಗಗಳು ಆ ಪಟ್ಟಿಯಲ್ಲಿ ಸೇರುತ್ತವೆ. ಸ್ಪರ್ಶ ಹೋಗುವುದು, ಬೆರಳು ಉದುರುವುದು ಇವುಗಳ ವರ್ಣನೆಯೂ ಇದೆ. ಆದರೆ 'ಕುಷ್ಠ ವಾಸಿಯಾಯಿತು' ಅಂತ ಹಳೆಯ ಪುಸ್ತಕದಲ್ಲಿ ಇದ್ದರೆ, ಅದು ನಿಮ್ಮ ಮಾವನಿಗೆ ಬಂದಿರುವ ರೋಗವೇ ಅಂತ ಹೇಳಲು ಬರುವುದಿಲ್ಲ. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ ಕಂಡುಹಿಡಿದದ್ದು 1873ರಲ್ಲಿ. ಅದಕ್ಕೂ ಮುಂಚೆ ಯಾರಿಗೆ ಯಾವುದು ಇತ್ತು ಅಂತ ಹೇಗೆ ಗೊತ್ತಾಗಬೇಕು?

ನನ್ನ ಕ್ಲಿನಿಕ್ಕಿಗೆ ಸ್ಪರ್ಶ ಇಲ್ಲದ ಮಚ್ಚೆ ಇಟ್ಟುಕೊಂಡು ಬಂದವರನ್ನು ನಾನು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತೇನೆ. ಚೀಟಿ ಬರೆದು, ಹೋದರೋ ಇಲ್ಲವೋ ಅಂತ ಫೋನ್ ಮಾಡಿ ಕೇಳುತ್ತೇನೆ. ಇದರಿಂದ ನನ್ನ ಶಾಸ್ತ್ರಕ್ಕೆ ಅವಮಾನ ಆಗುತ್ತದೆ ಅಂತ ಒಂದು ದಿನವೂ ಅನ್ನಿಸಿಲ್ಲ. 'ಬೇರೆ ಮಾತ್ರೆ ಮುಟ್ಟಬಾರದು' ಅಂತ ಯಾರಾದರೂ ಷರತ್ತು ಹಾಕಿದರೆ ಅಲ್ಲಿಂದ ಎದ್ದು ಬನ್ನಿ. ಕುಷ್ಠರೋಗ ವಾಸಿ ಮಾಡುತ್ತೇನೆ ಅಂತ ಜಾಹೀರಾತು ಹಾಕುವುದನ್ನು 1954ರ ಕಾಯ್ದೆಯೇ ತಡೆದಿದೆ.

ರಸಾಯನ ಮೇಷ್ಟ್ರು, ಧಾರವಾಡ:

ಬೇರು ನಾರು ಅವರ ಪ್ರಶ್ನೆ ಸರಿಯಾಗಿಯೇ ಇದೆ. 78 ಜನ ಮನೆಗೆ ಹೋದದ್ದು ನಿಜ. ಆ ಕಾಲದಲ್ಲಿ ಅದು ದೊಡ್ಡ ಸುದ್ದಿ. ಜೋಸೆಫ್ ರಾಕ್ ಎಂಬ ಸಸ್ಯವಿಜ್ಞಾನಿ 1920ರಲ್ಲಿ ಸಯಾಮ್ (ಈಗಿನ ಥಾಯ್ಲೆಂಡ್), ಬರ್ಮಾ ಕಾಡುಗಳಿಗೆ ಹೋಗಿ ಬೀಜ ತಂದದ್ದು, ಹವಾಯಿಯಲ್ಲಿ ತೋಪು ಬೆಳೆಸಿದ್ದು ಆ ಉತ್ಸಾಹದಲ್ಲೇ.

ಆದರೆ ಅದು ಮದ್ದಿನಿಂದಲೇ ಆಯಿತು ಅಂತ ಹೇಳಬೇಕಾದರೆ ಇನ್ನೊಂದು ಲೆಕ್ಕ ಬೇಕು. ಮದ್ದು ತೆಗೆದುಕೊಳ್ಳದ 78 ಜನರ ಗತಿ ಏನಾಯಿತು? ಈ ರೋಗದಲ್ಲಿ ಈ ಪ್ರಶ್ನೆ ತುಂಬಾ ಮುಖ್ಯ. ಮೈಯಲ್ಲಿ ಎದುರಿಸುವ ಶಕ್ತಿ ಚೆನ್ನಾಗಿರುವವರಲ್ಲಿ ಒಂದೆರಡು ಮಚ್ಚೆ ಬಂದು, ಏನೂ ಮಾಡದೆ ತಾನೇ ಹೋಗುವುದುಂಟು. ಬೇರೆಯವರಲ್ಲಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಈ ರೋಗಾಣು ಒಂದು ಎರಡಾಗಲು ಸುಮಾರು 12ರಿಂದ 14 ದಿನ ಬೇಕು. ಸೋಂಕು ತಗುಲಿ ಮಚ್ಚೆ ಕಾಣಲು ಸರಾಸರಿ 5 ವರ್ಷ, ಕೆಲವರಿಗೆ 20 ವರ್ಷ. ಇಷ್ಟು ನಿಧಾನದ ರೋಗದಲ್ಲಿ ಇಳಿಯುವ ಹೊತ್ತಿಗೆ ಯಾವ ಎಣ್ಣೆ ಕುಡಿಯುತ್ತಿದ್ದೆವೋ ಅದಕ್ಕೇ ಹೆಸರು ಬರುತ್ತದೆ. ಹವಾಯಿಯಲ್ಲಿ ಮನೆಗೆ ಹೋದವರಲ್ಲಿ ಎಷ್ಟೋ ಜನರಿಗೆ ರೋಗ ಮರುಕಳಿಸಿ, ಮತ್ತೆ ಆಸ್ಪತ್ರೆ ಸೇರಬೇಕಾಯಿತು.

ಹಾಗಂತ ಎಣ್ಣೆಯಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಹೇಳಿದರೆ ತಪ್ಪಾಗುತ್ತದೆ. ಈ ರೋಗಾಣು ಇವತ್ತಿಗೂ ಗಾಜಿನ ತಟ್ಟೆಯಲ್ಲಿ ಬೆಳೆಯುವುದಿಲ್ಲ. 1960ರಲ್ಲಿ ಇಲಿಯ ಪಾದದಲ್ಲಿ ಅದನ್ನು ಬೆಳೆಸುವ ದಾರಿ ಸಿಕ್ಕಿತು. ಆಮೇಲೆ 1975ರಲ್ಲಿ ಲೆವಿ ಎಂಬ ಸಂಶೋಧಕ ಚಾಲ್ಮೂಗ್ರದ ಆಮ್ಲಗಳನ್ನು ಇಲಿಗಳಿಗೆ ಕೊಟ್ಟು ನೋಡಿದರು. ರೋಗಾಣು ಬೆಳೆಯುವುದನ್ನು ಅವು ತಡೆದವು. ಅದಕ್ಕೂ ಎರಡು ವರ್ಷ ಮುಂಚೆ, ಹೈಡ್ನೋಕಾರ್ಪಿಕ್ ಆಮ್ಲ ಇದೇ ಬಳಗದ ಬೇರೆ ರೋಗಾಣುಗಳಲ್ಲಿ ಬಯೋಟಿನ್ ಎಂಬ ವಿಟಮಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ ಅಂತ ತೋರಿಸಿದ್ದರು. ಅಂದರೆ ನಮ್ಮ ಹಿರಿಯರು ಕಣ್ಣು ಮುಚ್ಚಿಕೊಂಡು ಈ ಮರ ಹಿಡಿದಿರಲಿಲ್ಲ. ಅದರಲ್ಲಿ ಕಸು ಇತ್ತು. ಆದರೆ ಸಾಲುವಷ್ಟು ಇರಲಿಲ್ಲ.

ಯಾಕೆ ಬಿಟ್ಟರು ಅಂದರೆ, ಅದಕ್ಕಿಂತ ಚೆನ್ನಾಗಿರುವುದು ಸಿಕ್ಕಿತು. 1941ರಲ್ಲಿ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಯಲ್ಲಿ ಗೈ ಫ್ಯಾಗೆಟ್ ಎಂಬ ವೈದ್ಯ ಪ್ರೊಮಿನ್ ಎಂಬ ಸಲ್ಫೋನ್ ಔಷಧ (ಡ್ಯಾಪ್ಸೋನ್ ಬಳಗದ್ದೇ) ಚುಚ್ಚಿ ನೋಡಿದರು. ನಮ್ಮ ಪಕ್ಕದ ಚೆಂಗಲ್ಪಟ್ಟುವಿನಲ್ಲಿ ರಾಬರ್ಟ್ ಕಾಕ್ರೇನ್ ಎಂಬ ವೈದ್ಯ ವರ್ಷಗಟ್ಟಲೆ ಇದೇ ಎಣ್ಣೆ ಚುಚ್ಚುತ್ತಿದ್ದವರು. 1940ರ ದಶಕದಲ್ಲಿ ಅವರೇ ಡ್ಯಾಪ್ಸೋನ್ ಕಡೆಗೆ ತಿರುಗಿದರು. ಎಣ್ಣೆಯನ್ನು ಕೈಬಿಟ್ಟವರು ಅದರ ಶತ್ರುಗಳಲ್ಲ. ಅದನ್ನು ಎಲ್ಲರಿಗಿಂತ ಹೆಚ್ಚು ಬಳಸಿ, ರೋಗಿಗಳ ಪಕ್ಕ ಕೂತು ನೋಡಿದವರು.

ಲಾಭದ ಮಾತು ಈ ರೋಗಕ್ಕೆ ಹೊಂದುವುದಿಲ್ಲ. ಡ್ಯಾಪ್ಸೋನ್‌ನಷ್ಟು ಅಗ್ಗದ ಮಾತ್ರೆ ಹುಡುಕಿದರೂ ಸಿಗುವುದು ಕಷ್ಟ. ಈ ಎಲೆಗಳು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಜಗತ್ತಿಗೆಲ್ಲ ಉಚಿತ. ಡ್ಯಾಪ್ಸೋನ್ ಒಂದನ್ನೇ ಕೊಟ್ಟಾಗ ರೋಗಾಣು ಅದಕ್ಕೆ ಪಳಗಿತು. ಅದಕ್ಕೇ 1981ರಲ್ಲಿ ಮೂರು ಔಷಧ ಸೇರಿಸುವ ತೀರ್ಮಾನ ಬಂತು. ಆ ಮೂರರಲ್ಲಿ ಕ್ಲೋಫಾಜಿಮಿನ್ ಹುಟ್ಟಿದ್ದೂ ಪ್ರಕೃತಿಯ ಜಾಡು ಹಿಡಿದೇ. ಮಸಾಲೆಗೆ ಹಾಕುವ ಕಲ್ಲುಹೂವು ಇದೆಯಲ್ಲ, ಅಂಥ ಲೈಕೆನ್ನುಗಳಲ್ಲಿ ಸಿಕ್ಕ ಪದಾರ್ಥಗಳಿಂದ ಡಬ್ಲಿನ್ನಿನ ವಿನ್ಸೆಂಟ್ ಬ್ಯಾರಿ ತಂಡ ಹುಡುಕಾಟ ಶುರು ಮಾಡಿ ಕೊನೆಗೆ ಅಲ್ಲಿಗೆ ಬಂದು ಮುಟ್ಟಿತು. ಮಾವನಿಗೆ ಇದನ್ನು ಹೇಳಿ, ಬಹುಶಃ ಖುಷಿಪಡುತ್ತಾರೆ.

ಕುಡಿಯುವುದರ ಅಪಾಯಕ್ಕೂ ದಾಖಲೆ ಇದೆ. 1910ರ ಕೊನೆಯಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಕ್ಕದ ಆಲ್ಟೋನಾದಲ್ಲಿ ಮಾರ್ಗರಿನ್ (ಬೆಣ್ಣೆಯ ಬದಲು ಬಳಸುವ ಕೊಬ್ಬು) ತಿಂದ ತುಂಬಾ ಜನರಿಗೆ ವಾಂತಿ, ಹೊಟ್ಟೆನೋವು ಶುರುವಾಯಿತು. ಹುಡುಕಿದರೆ ಅದರಲ್ಲಿದ್ದದ್ದು ಮಲಬಾರಿನ ಮರೋಟ್ಟಿ ಎಣ್ಣೆ. ನಮ್ಮ ಗರುಡಫಲವೇ.

ಕಾಡುಹಾದಿ, ಆಗುಂಬೆ:

ಮರದ ಬಗ್ಗೆ ಎರಡು ಮಾತು. ನಮ್ಮ ಕಡೆ ಹಳ್ಳದ ಬದಿಯಲ್ಲಿ ಬೆಳೆಯುತ್ತದೆ. ಬೇಲದ ಹಣ್ಣಿನಂಥ ಗುಂಡನೆ ಕಾಯಿ, ಕಂದು ಸಿಪ್ಪೆ, ಒಡೆದರೆ ಒತ್ತೊತ್ತಾಗಿ ಕೂತ ಬೀಜಗಳು. ಹಿಂದೆ ಈ ಕಾಯಿ ಜಜ್ಜಿ ಹಳ್ಳದ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದರು. ಮೀನಿಗೆ ಮತ್ತು ಬಂದು ತೇಲುತ್ತಿತ್ತು. ಮೀನಿಗೆ ವಿಷ ಆಗುವುದನ್ನು ಚಮಚದಲ್ಲಿ ಅಳೆದು ಕುಡಿಯುವಾಗ ಅದು ನೆನಪಿರಬೇಕು.

ಟಮಿಲ್ ಯೋಮನ್ ಎಂಬ ಕಿತ್ತಳೆ ಚಿಟ್ಟೆಯ ಹುಳು ಈ ಮರದ ಎಲೆ ತಿಂದೇ ಬೆಳೆಯುತ್ತದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಕೆಲವು ಸಲ ಇಡೀ ಮರ ಬೋಳು. ದಯವಿಟ್ಟು ಔಷಧಿ ಅಂತ ಮರ ಕಡಿಯಬೇಡಿ.

ಹಳೇ ಪೇಷಂಟ್, ಹೊಸಪೇಟೆ:

ನಾನು ಇಲ್ಲಿ ಬರೆಯುವುದು ಕಡಿಮೆ. ಓದುತ್ತೇನೆ ಅಷ್ಟೇ. ಈ ಪೋಸ್ಟ್ ಓದಿದ ಮೇಲೆ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ.

ನನಗೆ 1996ರಲ್ಲಿ ಬಂತು. ಆಗ ನನಗೆ 23, ಲಾರಿ ಬಾಡಿ ಕಟ್ಟುವ ಕಡೆ ವೆಲ್ಡಿಂಗ್ ಕೆಲಸ. ಸರ್ಕಾರಿ ಮಾತ್ರೆ ಆಗಲೂ ಪುಕ್ಕಟೆ ಸಿಗುತ್ತಿತ್ತು. ಆದರೆ ಆಸ್ಪತ್ರೆಯ ಆ ಕೋಣೆಯ ಮುಂದೆ ನಿಂತರೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಭಯ. ಒಬ್ಬರು ಕಷಾಯ, ಲೇಪ, ಕಪ್ಪನೆ ಒಂದು ಎಣ್ಣೆ ಕೊಟ್ಟರು. ಅದರಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ. 8 ತಿಂಗಳು ತೆಗೆದುಕೊಂಡೆ. ಮಚ್ಚೆ ಸ್ವಲ್ಪ ಮಾಸಿತು. ಅಮ್ಮ ಹರಕೆ ತೀರಿಸಿದಳು.

ಒಂದು ದಿನ ಊಟಕ್ಕೆ ಕೂತಾಗ ಅನ್ನ ಕಲಸಲು ಆಗಲಿಲ್ಲ. ಬಲಗೈಯ ಎರಡು ಬೆರಳು ನೇರ ಆಗಲೇ ಇಲ್ಲ. ನೋವು ಅಂತ ಏನೂ ಇರಲಿಲ್ಲ. ನೋವಿದ್ದಿದ್ದರೆ ಓಡುತ್ತಿದ್ದೆ. ಆಮೇಲೆ ಆಸ್ಪತ್ರೆಗೆ ಹೋದೆ. ಮಾತ್ರೆ ತೆಗೆದುಕೊಂಡೆ, ರೋಗ ಹೋಯಿತು. ಮತ್ತೆ ಬರಲಿಲ್ಲ. ಮದುವೆಯಾಯಿತು, ಇಬ್ಬರು ಮಕ್ಕಳು, ಯಾರಿಗೂ ಏನೂ ಇಲ್ಲ. ಆದರೆ ಬೆರಳು ಹಾಗೇ ಉಳಿಯಿತು. ವೆಲ್ಡಿಂಗ್ ಬಿಟ್ಟೆ. ಸಹಿ ಮಾಡುವುದನ್ನು ಎಡಗೈಯಲ್ಲಿ ಕಲಿತೆ.

ಎಣ್ಣೆ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಂಬಿಯೇ ಕೊಟ್ಟಿದ್ದರು. ನಾನು ಕಳೆದುಕೊಂಡದ್ದು ಆ 8 ತಿಂಗಳು. ತಂಗಿ, ನಿಮ್ಮ ಮಾವನ ಹತ್ತಿರ ಮಾತಾಡಬೇಕು ಅನ್ನಿಸಿದರೆ ಖಾಸಗಿ ಸಂದೇಶ ಕಳಿಸಿ. ನಾನೇ ಫೋನ್ ಮಾಡುತ್ತೇನೆ.

ಬೇರು ನಾರು, ತುಮಕೂರು:

ಅಣ್ಣಾ, ನಿಮ್ಮ ಮಾತು ಓದಿ ತುಂಬಾ ಹೊತ್ತು ಏನೂ ಬರೆಯಲು ಆಗಲಿಲ್ಲ. ನನ್ನ ಪ್ರಶ್ನೆಗೆ ಮೇಷ್ಟ್ರು ಕೊಟ್ಟ ಉತ್ತರ ಒಪ್ಪುತ್ತೇನೆ. ಮದ್ದು ತೆಗೆದುಕೊಳ್ಳದವರ ಲೆಕ್ಕ ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಅಜ್ಜಿ ಇದ್ದಿದ್ದರೆ ಅವರೂ ನಿಮ್ಮನ್ನು ಆಸ್ಪತ್ರೆಗೇ ಕಳಿಸುತ್ತಿದ್ದರು ಅಂತ ನಂಬುತ್ತೇನೆ. ಹಾವು ಕಚ್ಚಿದವರನ್ನು ಅವರು ಮುಟ್ಟುತ್ತಿರಲಿಲ್ಲ, 'ಇದು ನನ್ನ ಕೈಯದ್ದಲ್ಲ' ಅನ್ನುತ್ತಿದ್ದರು.

ತೋಟದಮನೆ ಹುಡುಗಿ, ಸಿರ್ಸಿ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಇಡೀ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳಿದೆ. ಸುಶ್ರುತನ ಐದು ದಿನದ ಮಾತು ಬಂದಾಗ ಇನ್ನೊಮ್ಮೆ ಓದು ಅಂದರು. ಹೊಸಪೇಟೆ ಅಣ್ಣನ ಅನ್ನ ಕಲಸುವ ಮಾತು ಬಂದಾಗ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, ಆಶಾ ಅವರ ನಂಬರ್ ಯಾರ ಹತ್ತಿರ ಇದೆ ಅಂತ ಕೇಳಿದರು.

ಇವತ್ತು ಬೆಳಿಗ್ಗೆ ಮಾವ ಮೊದಲ ಡೋಸ್ ತೆಗೆದುಕೊಂಡರು. ಕಾಗದದ ಪರೀಕ್ಷೆ ಮಾಡಿದೆವು ಸರ್. ಬಲಗೈಯಿಂದ ಎಳೆದರೆ ಕಾಗದ ಹರಿಯುತ್ತದೆ. ಎಡಗೈಯಿಂದ ಸುಮ್ನೆ ಜಾರಿ ಬರುತ್ತದೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಮೇಲೆ ಕಾಯಿ ಜಾರುತ್ತದೆ ಅಂತ ಮಾವ ದೀಪಾವಳಿಯಿಂದ ಹೇಳುತ್ತಿದ್ದರಂತೆ. ವಯಸ್ಸಾಯಿತು ಅಂತ ಅಂದುಕೊಂಡಿದ್ದರು.

ಇನ್ನೆರಡು ಪ್ರಶ್ನೆ. ಮನೆಯವರಿಗೆಲ್ಲ ಒಂದು ಮಾತ್ರೆ ಕೊಡುತ್ತಾರಂತೆ, ಅದು ಏನು? ಮತ್ತೆ ಎಣ್ಣೆಯನ್ನು ಮೈಗಾದರೂ ಹಚ್ಚಬಹುದಾ? ಮುಂದೆ ತಂಗಿಯ ಮದುವೆಗೆ ಇದರಿಂದ ತೊಂದರೆ ಅಂತ ಅತ್ತೆ ಅಳುತ್ತಿದ್ದಾರೆ.

ನಿವೃತ್ತ ಆರೋಗ್ಯ ಕಾರ್ಯಕರ್ತ, ಕೊಪ್ಪಳ:

ಬಹಳ ಸಂತೋಷ ತಂಗಿ. ದೀಪಾವಳಿಯಿಂದ ಅಂದರೆ ಇನ್ನೂ 6 ತಿಂಗಳು ಆಗಿಲ್ಲ. ನಾಳೆಯೇ ಹೋಗಿ ಎಡಗೈ ಶಕ್ತಿ ಕಡಿಮೆ ಆಗಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಕಾಗದ ಹಿಡಿಸಿ ತೋರಿಸಿ. ಅವರಾಗಿ ಕೇಳಲಿ ಅಂತ ಕಾಯಬೇಡಿ. ಪ್ರೆಡ್ನಿಸೊಲೋನ್ ಕೊಟ್ಟರೆ ಅದನ್ನು ಮಧ್ಯೆ ಒಮ್ಮೆಲೇ ನಿಲ್ಲಿಸಬಾರದು.

ಮನೆಯವರಿಗೆ ಕೊಡುವುದು ರಿಫಾಂಪಿಸಿನ್ ಒಂದೇ ಡೋಸ್. ಮೊದಲು ಎಲ್ಲರ ಮೈ ಪರೀಕ್ಷೆ ಮಾಡಿ, ಏನೂ ಇಲ್ಲದವರಿಗೆ ಕೊಡುತ್ತಾರೆ. ಬಾಂಗ್ಲಾದೇಶದ ಅಧ್ಯಯನದಲ್ಲಿ ಇದರಿಂದ ಎರಡು ವರ್ಷದಲ್ಲಿ ಹೊಸದಾಗಿ ರೋಗ ಬರುವುದು 57% ಕಡಿಮೆಯಾಗಿತ್ತು. ಅಲ್ಲಿ ಮಾತ್ರೆ ತೆಗೆದುಕೊಂಡವರ ಪಕ್ಕದಲ್ಲಿ ತೆಗೆದುಕೊಳ್ಳದವರ ಲೆಕ್ಕವನ್ನೂ ಇಟ್ಟಿದ್ದರು. ಮೇಷ್ಟ್ರು ಕೇಳಿದ್ದು ಅದನ್ನೇ.

ಅತ್ತೆಗೆ ಹೇಳಿ, ಇದು ವಂಶದಿಂದ ಬರುವ ರೋಗ ಅಲ್ಲ. 1898ರ ಹಳೆಯ ಕುಷ್ಠರೋಗಿಗಳ ಕಾಯ್ದೆಯನ್ನೇ 2016ರಲ್ಲಿ ತೆಗೆದುಹಾಕಿದ್ದಾರೆ. ವಿಚ್ಛೇದನಕ್ಕೆ ಇದು ಕಾರಣ ಅನ್ನುವುದನ್ನು 2019ರಲ್ಲಿ ಕಾನೂನಿನಿಂದ ಕಿತ್ತುಹಾಕಿದ್ದಾರೆ.

ಆಯುರ್ವೇದ ವೈದ್ಯೆ, ಉಡುಪಿ:

ಮೈಗೆ ಎಣ್ಣೆ ಖಂಡಿತ ಬೇಕು. ಗರುಡಫಲದ್ದೇ ಆಗಬೇಕು ಅಂತಿಲ್ಲ, ಮನೆಯ ಕೊಬ್ಬರಿ ಎಣ್ಣೆ ಸಾಕು. ನರ ಹೋದ ಕಡೆ ಬೆವರು ಬರುವುದಿಲ್ಲ, ಚರ್ಮ ಒಣಗಿ ಬಿರಿಯುತ್ತದೆ, ಬಿರುಕಿನಿಂದ ಹುಣ್ಣು. ಅದಕ್ಕೆ ದಿನಾ 20 ನಿಮಿಷ ಕೈಕಾಲು ತಣ್ಣೀರಿನಲ್ಲಿ ನೆನೆಸಿ, ನೀರು ಆರುವ ಮುಂಚೆಯೇ ಎಣ್ಣೆ ಸವರಬೇಕು. ಸುಟ್ಟ ಗಾಯ ಮಾಗುವ ತನಕ ಆ ಜಾಗ ಬಿಟ್ಟು ಹಚ್ಚಿ. ಇದನ್ನು ಆಸ್ಪತ್ರೆಯವರೂ ಹೇಳುತ್ತಾರೆ.

ತೋಟದಮನೆ ಹುಡುಗಿ, ಸಿರ್ಸಿ:

ಆಸ್ಪತ್ರೆಗೆ ಹೋಗಿ ಬಂದೆವು. ಪ್ರೆಡ್ನಿಸೊಲೋನ್ ಶುರುವಾಯಿತು. ಎರಡು ವಾರ ಬಿಟ್ಟು ಮತ್ತೆ ತೋರಿಸಬೇಕು. ಹೊಸಪೇಟೆ ಅಣ್ಣ ಮಾವನ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು, ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ.

ಅತ್ತೆ ಹಳೇ ಕಂಬಳಿ ಕತ್ತರಿಸಿ ಒಂದು ದಪ್ಪ ಕೈಗವಸು ಹೊಲಿದಿದ್ದಾರೆ. ಹಂಡೆಯ ಹತ್ತಿರ ಹೋಗುವಾಗ ಮಾವ ಅದನ್ನು ಎಡಗೈಗೆ ಹಾಕಿಕೊಳ್ಳಬೇಕು ಅಂತ ಕಟ್ಟಪ್ಪಣೆ. ಇವತ್ತು ಸಂಜೆ ನಾನು ಬೆಂಗಳೂರಿಗೆ ಹೊರಡುವಾಗ ಮಾವ ಜಗಲಿಯ ಮೇಲೆ ಬಕೆಟ್ಟಿನಲ್ಲಿ ಕೈ ನೆನೆಸಿಕೊಂಡು ಕೂತಿದ್ದರು. ಅಪ್ಪ ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದರು.